64 ಜಿಬಿ ರ‍್ಯಾಮ್ ಇಟ್ಟುಕೊಂಡು ಮಾನ ಕಳೆದುಕೊಂಡ ದಿನ

ಸಮಾರಂಭಗಳಿಗೆ ಎಲ್‌ಇಡಿ ವಾಲ್ ಹಾಕಿ ಅದರ ಮೇಲೆ ವಿಡಿಯೊ ಓಡಿಸುವುದು ನನ್ನ ಕೆಲಸ. ಎಲ್ಲ ಸರಿಯಾಗಿ ನಡೆದರೆ ನಾನೊಬ್ಬ ಅಲ್ಲಿದ್ದೆ ಅಂತಲೂ ಯಾರಿಗೂ ಗೊತ್ತಾಗುವುದಿಲ್ಲ. ಆವತ್ತು ಮಾತ್ರ ಅರ್ಧ ಸಭಾಂಗಣ ಕತ್ತು ತಿರುಗಿಸಿ ನನ್ನ ಕಡೆಗೇ ನೋಡಿತು.

ಒಂದು ಕಂಪನಿಯ ವಾರ್ಷಿಕ ಕಾರ್ಯಕ್ರಮ. ನಾಲ್ಕು ನಿಮಿಷದ ಓಪನಿಂಗ್ ಫಿಲ್ಮ್. ಹಿಂದಿನ ರಾತ್ರಿ ಟೆಕ್ ರನ್‌ನಲ್ಲಿ ಪ್ರೀವ್ಯೂ ಕಾಪಿ ನೀರು ಹರಿದಂತೆ ಓಡಿತ್ತು. ಶೋಗೆ ಇಪ್ಪತ್ತು ನಿಮಿಷ ಇರುವಾಗ ಎಡಿಟರ್ ಬಂದು ಪೆನ್‌ಡ್ರೈವ್ ಕೈಗಿಟ್ಟ. ಫೈಲಿನ ಹೆಸರು 'ಫೈನಲ್ ಫೈನಲ್ 3'. ಕೊನೆಯಲ್ಲಿ ಡಾಟ್ ಎಂಪಿ4. ನಿನ್ನೆಯದೂ ಎಂಪಿ4 ತಾನೇ ಅಂದುಕೊಂಡೆ. ಪ್ಲೇಯರ್‌ಗೆ ಎಳೆದು ಹಾಕಿ ಹತ್ತು ಸೆಕೆಂಡ್ ನೋಡಿದೆ. ಕಪ್ಪು ಪರದೆ, ನಡುವೆ ನಿಧಾನಕ್ಕೆ ಮೂಡುವ ಲೋಗೋ. ಚೆನ್ನಾಗೇ ಓಡಿತು. "ರೆಡಿ ಸರ್" ಅಂತ ಕಾಮ್ಸ್‌ನಲ್ಲಿ, ಅಂದರೆ ತಂಡದವರೆಲ್ಲ ಮಾತಾಡಿಕೊಳ್ಳುವ ಹೆಡ್‌ಸೆಟ್‌ನಲ್ಲಿ, ಹೇಳಿಬಿಟ್ಟೆ.

ಆ ಹತ್ತು ಸೆಕೆಂಡ್ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಕಪ್ಪು ಪರದೆ ತೋರಿಸಲು ಕಂಪ್ಯೂಟರಿಗೆ ಏನು ಕಷ್ಟ? ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಬದಲಾಗುವುದು ಅಷ್ಟಿಷ್ಟು. ನಾನು ನೋಡಿದ್ದು ಇಡೀ ಫಿಲ್ಮಿನಲ್ಲೇ ಅತಿ ಹಗುರವಾದ ಭಾಗ.

ಲೈಟ್ ಆರಿತು, ಕ್ಯೂ ಬಂತು, ಪ್ಲೇ ಒತ್ತಿದೆ. ಲೋಗೋ ಮೂಡಿತು. ಚಪ್ಪಾಳೆಯೂ ಬಿತ್ತು. ಆಮೇಲೆ ಡ್ರೋನ್ ಶಾಟ್. ಮೈದಾನದ ತುಂಬ ಜನ ಕೈ ಬೀಸುತ್ತಿದ್ದಾರೆ, ಮೇಲಿಂದ ಬಣ್ಣದ ಕಾಗದದ ಚೂರು ಸುರಿಯುತ್ತಿದೆ. ಚಿತ್ರ ಅಲ್ಲೇ ಸಿಕ್ಕಿಕೊಂಡಿತು. ಒಂದಿಷ್ಟು ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು. ಹಾಡು ಮಾತ್ರ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಎಂಡಿಯವರ ದನಿ ಶುರುವಾದಾಗ ತೆರೆಯ ಮೇಲೆ ಇನ್ನೂ ಕಾಗದದ ಚೂರು. ಅವರ ಮುಖ ಕಾಣಿಸಿಕೊಳ್ಳುವ ಹೊತ್ತಿಗೆ ಅವರ ಮಾತೇ ಮುಗಿದಿತ್ತು.

ತೆರೆಗೆ ಯಾವ ಚಿತ್ರ ಹೋಗಬೇಕೆಂದು ಬದಲಿಸುವ ಯಂತ್ರ ಸ್ವಿಚರ್. ಅದರಲ್ಲಿದ್ದವನು ನಾನು ಹೇಳುವ ಮೊದಲೇ ಲೋಗೋ ಲೂಪ್‌ಗೆ ಕಟ್ ಮಾಡಿದ. ಪುಣ್ಯಾತ್ಮ. ನಿರೂಪಕಿ ಮೈಕ್ ಹಿಡಿದು ಏನೇನೋ ಮಾತಾಡಿ ಹೊತ್ತು ತಳ್ಳತೊಡಗಿದರು. ಕಾಮ್ಸ್‌ನಲ್ಲಿ ಮ್ಯಾನೇಜರ್ ದನಿ: "ಏನ್ರೀ ಅದು? ರ‍್ಯಾಮ್ ಸಾಲ್ತಿಲ್ವಾ?"

ರ‍್ಯಾಮ್ 64 ಜಿಬಿ ಇತ್ತು. ನಾವು ವರ್ಕ್‌ಸ್ಟೇಷನ್ ಅಂತ ಗೌರವದಿಂದ ಕರೆಯುವ ಹಳೆ ಡಬ್ಬ ಅದು. ಎಂಟು ಕೋರ್‌ನ ಸರ್ವರ್ ಚಿಪ್, ಎತ್ತಲು ಇಬ್ಬರು ಬೇಕು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ 64ರಲ್ಲಿ 10 ಜಿಬಿ ಕೂಡ ಖರ್ಚಾಗಿರಲಿಲ್ಲ. ಸಿಪಿಯು ಮಾತ್ರ ನೂರಕ್ಕೆ ಅಂಟಿಕೊಂಡು ಕೂತಿತ್ತು. ಉತ್ತರ ಅಲ್ಲೇ ಕಣ್ಣೆದುರಿಗಿತ್ತು. ನೋಡುವ ವ್ಯವಧಾನ ಯಾರಿಗಿತ್ತು?

ಬ್ರೌಸರ್ ಮುಚ್ಚಿದೆ. ಇನ್ನೊಂದು ಪ್ಲೇಯರ್ ಹಾಕಿದೆ. ಆಮೇಲೆ ತಪ್ಪೆಲ್ಲ ಪೆನ್‌ಡ್ರೈವಿನದು ಅಂತ ನಿರ್ಧರಿಸಿ ಫೈಲನ್ನು ಎಸ್‌ಎಸ್‌ಡಿಗೆ ಕಾಪಿಗೆ ಹಾಕಿದೆ. 2.4 ಜಿಬಿ. ಆ ಹಸಿರು ಪಟ್ಟಿ ತೆವಳುವುದನ್ನು ನೋಡುತ್ತಾ ನಿಂತ ಒಂದೂಕಾಲು ನಿಮಿಷ ನನ್ನ ಜೀವನದ ಉದ್ದದ ನಿಮಿಷ. ಆಮೇಲೆ ಲೆಕ್ಕ ಹಾಕಿದೆ. ಫೈಲಿನ ಬಿಟ್‌ರೇಟ್, ಅಂದರೆ ಓಡುವಾಗ ಸೆಕೆಂಡಿಗೆ ಓದಬೇಕಾದ ಡೇಟಾ, 80 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 10 ಮೆಗಾಬೈಟ್. ಅದೇ ಪೆನ್‌ಡ್ರೈವ್ ಕಾಪಿ ಆಗುವಾಗ ಸೆಕೆಂಡಿಗೆ 30 ಕೊಡುತ್ತಿತ್ತು. ಅದರದ್ದೇನೂ ತಪ್ಪಿರಲಿಲ್ಲ.

ಪಕ್ಕದಲ್ಲಿದ್ದ ಟ್ರೈನಿ ಹುಡುಗಿ ಮೆಲ್ಲಗೆ ಕೇಳಿದಳು: "ಸರ್, ನನ್ನ ಲ್ಯಾಪ್‌ಟಾಪಲ್ಲಿ ಹಾಕಿ ನೋಡ್ಲಾ?"

"ಸುಮ್ನಿರಮ್ಮ, ಇದರಲ್ಲೇ ಓಡ್ತಿಲ್ಲ, ಅದರಲ್ಲಿ ಓಡುತ್ತಾ?" ಅಂದೆ.

ಕಾಪಿ ಮುಗಿಯಿತು, ಡ್ರೋನ್ ಶಾಟ್ ಮತ್ತೆ ಅಲ್ಲೇ ನಿಂತಿತು. ಆಗ ನಾನೇ ಕೈಚಾಚಿ "ಕೊಡಮ್ಮ" ಅಂದೆ. ಎರಡೇ ಕೋರ್, 8 ಜಿಬಿ ರ‍್ಯಾಮ್, ಏಳನೇ ತಲೆಮಾರಿನ ಐ5, ಮುಚ್ಚಳದ ಮೇಲೆ ಬೆಕ್ಕಿನ ಸ್ಟಿಕರ್. ಅದರಲ್ಲಿ ಫಿಲ್ಮ್ ಮೊದಲಿಂದ ಕೊನೆವರೆಗೆ ಒಂದು ಫ್ರೇಮ್ ತಪ್ಪದೆ ಓಡಿತು. ಸಿಪಿಯು ಹತ್ತರ ಆಸುಪಾಸಿನಲ್ಲೇ ಇತ್ತು. ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್‌ನ ಟ್ಯಾಬ್‌ನಲ್ಲಿ 'ವಿಡಿಯೊ ಡಿಕೋಡ್' ಅನ್ನುವ ಗೆರೆ ಮಾತ್ರ ಮೇಲೆದ್ದಿತ್ತು.

ರಾತ್ರಿ ವಿಡಿಯೊ ಫೈಲಿನ ಒಳವಿವರ ತೋರಿಸುವ ಮೀಡಿಯಾಇನ್ಫೊದಲ್ಲಿ ಎರಡೂ ಫೈಲ್ ತೆರೆದೆ. ಪ್ರೀವ್ಯೂ ಕಾಪಿ 1080ಪಿ, ಎಚ್.264 ಕೋಡೆಕ್ (ವಿಡಿಯೊ ಕುಗ್ಗಿಸಿ ಮತ್ತೆ ಬಿಚ್ಚುವ ವಿಧಾನ), ಬಣ್ಣಕ್ಕೆ 8 ಬಿಟ್. ಫೈನಲ್ ಕಾಪಿ 4ಕೆ, ಸೆಕೆಂಡಿಗೆ 60 ಫ್ರೇಮ್, ಅದಕ್ಕಿಂತ ಹೊಸ ಕೋಡೆಕ್ ಎಚ್‌ಇವಿಸಿ, 10 ಬಿಟ್. ಎಂಪಿ4 ಅನ್ನುವುದು ಬರೀ ಡಬ್ಬಿ. ಒಳಗೆ ಯಾವ ಕೋಡೆಕ್ ಇದೆ ಅಂತ ಮುಚ್ಚಳ ನೋಡಿ ಹೇಳಲಾಗದು. ಒಂದೊಂದು ಫ್ರೇಮಿನಲ್ಲೂ 82,94,400 ಪಿಕ್ಸೆಲ್, ಅಂದರೆ 1080ಪಿಯ ನಾಲ್ಕರಷ್ಟು. ಅದನ್ನು ಬಿಚ್ಚಿ ತೋರಿಸಲು ಸಿಗುವ ಸಮಯ 16.7 ಮಿಲಿಸೆಕೆಂಡ್.

ಈ ಕೆಲಸಕ್ಕೆಂದೇ ಈಗಿನ ಚಿಪ್‌ಗಳ ಗ್ರಾಫಿಕ್ಸ್ ಭಾಗದಲ್ಲಿ ಬೇರೆಯೇ ಒಂದು ಮೂಲೆ ಇರುತ್ತದೆ. ಅದಕ್ಕೆ ಗೊತ್ತಿರುವ ಕೋಡೆಕ್ ಆದರೆ ಸಿಪಿಯು ಕಾಲು ಚಾಚಿ ಕೂರಬಹುದು. ಗೊತ್ತಿಲ್ಲದಿದ್ದರೆ ಪೂರ್ತಿ ಭಾರ ಸಿಪಿಯು ತಲೆ ಮೇಲೆ. ಎಚ್‌ಇವಿಸಿ ಮಾನದಂಡ ಬಂದದ್ದೇ 2013ರಲ್ಲಿ, ನಮ್ಮ ಡಬ್ಬದ ಗ್ರಾಫಿಕ್ಸ್ ಕಾರ್ಡ್ ಅದಕ್ಕಿಂತ ಹಳೆಯದು. ಇಂಟೆಲ್‌ನ ಆರನೇ ತಲೆಮಾರಿನ ಕೋರ್ ಚಿಪ್‌ಗಳು 8 ಬಿಟ್ ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲೇ ಬಿಚ್ಚುತ್ತವೆ, 10 ಬಿಟ್ ಪೂರ್ತಿ ಬಂದದ್ದು ಏಳನೆಯದರಲ್ಲಿ. ಬೆಕ್ಕಿನ ಲ್ಯಾಪ್‌ಟಾಪ್ ಗೆದ್ದದ್ದು ಅಲ್ಲಿ. ಈಗ ಎವಿ1 ಅನ್ನುವ ಇನ್ನೂ ಹೊಸ ಕೋಡೆಕ್ ಬೇರೆ ಬಂದಿದೆ. ಅದಕ್ಕೆ ಇಂಟೆಲ್ ಆದರೆ ಹನ್ನೊಂದನೇ ತಲೆಮಾರು, ಎನ್‌ವಿಡಿಯಾ ಆದರೆ ಆರ್‌ಟಿಎಕ್ಸ್ 30 ಸರಣಿಯಾದರೂ ಬೇಕು.

ಇನ್ನೂ ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ಆವತ್ತು ಹಾಕಿದ್ದು ಪಿ3.9 ವಾಲ್ (ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ 3.9 ಮಿಲಿಮೀಟರ್), ಅಡ್ಡ 12 ಪ್ಯಾನೆಲ್, ಎತ್ತರ 6. ಒಂದು ಪ್ಯಾನೆಲ್‌ನಲ್ಲಿ ಅಡ್ಡಕ್ಕೂ ಎತ್ತರಕ್ಕೂ 128 ಪಿಕ್ಸೆಲ್. ಗುಣಿಸಿ ನೋಡಿ: 1536 ಅಡ್ಡ, 768 ಎತ್ತರ. ಫುಲ್ ಎಚ್‌ಡಿ ಕೂಡ ತುಂಬದ ಗೋಡೆಗೆ 4ಕೆ ಫೈಲ್! "ಕ್ವಾಲಿಟಿ ಜಾಸ್ತಿ ಇರ್ಲಿ ಅಂತ ಮಾಡ್ದೆ" ಅಂದ ಎಡಿಟರ್. ಅವನನ್ನು ಬೈಯಲೂ ಆಗಲಿಲ್ಲ. ವಾಲ್ ಸೈಜ್ ಅವನಿಗೆ ಕಳಿಸಬೇಕಿದ್ದವನು ನಾನೇ ಅಲ್ವಾ. ಮಾರನೇ ದಿನ ಅದೇ ಫಿಲ್ಮನ್ನು 1080ಪಿ ಎಚ್.264ಕ್ಕೆ ಇಳಿಸಿ ಹಳೆ ಡಬ್ಬದಲ್ಲಿ ಹಾಕಿದೆ. ಫ್ಯಾನ್ ಸದ್ದು ಕೂಡ ಏರಲಿಲ್ಲ.

ಈಗ ಯಾರು ಫೈಲ್ ಕೊಟ್ಟರೂ ಮೊದಲು ಮೀಡಿಯಾಇನ್ಫೊ. ಆಮೇಲೆ ಟೈಮ್‌ಲೈನ್ ಎಳೆದು ನೀರು, ಹೊಗೆ, ಜನಜಂಗುಳಿ, ಕಾಗದದ ಚೂರು ಎಲ್ಲಿದೆ ಅಂತ ಹುಡುಕಿ ಅಲ್ಲಿಂದ ಓಡಿಸುತ್ತೇನೆ. ಡಿಕೋಡ್ ಗೆರೆ ಮೇಲೇಳದಿದ್ದರೆ "ರೆಡಿ" ಅನ್ನುವುದಿಲ್ಲ. ಶೋಗೆ ಒಂದು ಗಂಟೆ ಇರುವಾಗ ಫೈಲ್ ಬಾಗಿಲು ಬಂದ್ ಅಂತಲೂ ನಿಯಮ ಮಾಡಿದ್ದೇನೆ. ಅದನ್ನು ಯಾರೂ ಪಾಲಿಸುವುದಿಲ್ಲ, ಅದು ಬೇರೆ ಮಾತು.

ಮ್ಯಾನೇಜರ್‌ಗೆ ಒಂದು ಪುಟದ ವರದಿ ಬರೆದುಕೊಟ್ಟೆ. 10 ಬಿಟ್ ಎಚ್‌ಇವಿಸಿ ಬಿಚ್ಚುವ ಒಂದು ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಸಾಕು, ಬೇರೇನೂ ಬೇಡ ಅಂತ ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದೆ. ತಿಂಗಳು ಕಳೆದು ಒಂದು ಪುಟ್ಟ ಪೆಟ್ಟಿಗೆ ಬಂತು. ಖುಷಿಯಿಂದ ಬಿಚ್ಚಿದೆ. ಒಳಗೆ ಇನ್ನೂ 64 ಜಿಬಿ ರ‍್ಯಾಮ್.

ಸ್ಲಾಟ್ ಖಾಲಿ ಇತ್ತು. ಹಾಕಿದೆ.