ನಿಂತು ಡ್ರಮ್ಸ್ ಬಾರಿಸುತ್ತ ಹಾಡಿದವರ ತಂಡ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1989ರಲ್ಲಿ ಹುಟ್ಟಿದ ‘ಜೆಲ್ಲಿಫಿಶ್’ ಎಂಬ ಪಾಪ್ ತಂಡ 1990ರಲ್ಲಿ ‘ಬೆಲ್ಲಿಬಟನ್’, 1993ರಲ್ಲಿ ‘ಸ್ಪಿಲ್ಟ್ ಮಿಲ್ಕ್’ ಎಂಬ ಎರಡೇ ಆಲ್ಬಮ್‌ಗಳನ್ನು ಕೊಟ್ಟು, 1994ರಲ್ಲಿ ಚದುರಿಹೋಯಿತು. ಗ್ರಂಜ್ ಸಂಗೀತದ ಒರಟು ಗಿಟಾರುಗಳು ಅಮೆರಿಕವನ್ನೆಲ್ಲ ಆವರಿಸಿದ್ದ ಆ ಕಾಲದಲ್ಲಿ ಇವರು ಬೀಟಲ್ಸ್, ಬೀಚ್ ಬಾಯ್ಸ್, ಕ್ವೀನ್ ತಂಡಗಳ ದಾರಿ ಹಿಡಿದು, ಧ್ವನಿಯ ಮೇಲೆ ಧ್ವನಿ ಪೇರಿಸಿ ಹಾಡು ಕಟ್ಟುತ್ತಿದ್ದರು.

ಈ ತಂಡವನ್ನು ನನ್ನ ಗೆಳೆಯರಿಗೆ ಕೇಳಿಸಿದ್ದು ಗಣೇಶೋತ್ಸವಕ್ಕೆ ಮುಂಚಿನ ಒಂದು ಭಾನುವಾರ, ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಆರ್ಕೆಸ್ಟ್ರಾದ ತಾಲೀಮು ನಡೆಯುವ ಮಹಡಿಯ ಕೋಣೆಯಲ್ಲಿ. ನಮ್ಮೂರಿನ ಶಿವರಾಂಪೇಟೆಯವರೇ ಆದ ರಾಜನ್–ನಾಗೇಂದ್ರರ ಗೀತೆಗಳನ್ನು ಬೆಳಗಿನಿಂದ ಅಭ್ಯಾಸ ಮಾಡಿ ಎಲ್ಲರೂ ದಣಿದಿದ್ದರು. ಊಟದ ಬಿಡುವಿನಲ್ಲಿ ನಾನು ‘ಸ್ಪಿಲ್ಟ್ ಮಿಲ್ಕ್’ ಆರಂಭವಾಗುವ ಜೋಗುಳವನ್ನು ಸ್ಪೀಕರಿಗೆ ಹಾಕಿದೆ.

ಅದು ಮುಗಿಯುತ್ತಿದ್ದಂತೆ ಕೀಬೋರ್ಡ್ ನುಡಿಸುವ ಗೆಳೆಯ ಮತ್ತೆ ಹಾಕಲು ಹೇಳಿ, ಒಂದೊಂದು ಧ್ವನಿಯನ್ನೂ ಬೇರ್ಪಡಿಸಿ ನುಡಿಸತೊಡಗಿದ. ಮೇಲಿನ ಧ್ವನಿ ಎಲ್ಲರಿಗೂ ಕೂಡಲೇ ದಕ್ಕಿತು. ನಡುವಿನದನ್ನು ಹಿಡಿಯುವುದು ಮಾತ್ರ ಬಹಳ ಕಷ್ಟವಾಯಿತು. ನಮ್ಮ ಕೋರಸ್ ಸಾಮಾನ್ಯವಾಗಿ ಒಂದೇ ಸ್ವರದಲ್ಲಿ ಮುಖ್ಯ ಗಾಯಕರೊಂದಿಗೆ ಸಾಗುವುದರಿಂದ, ಪಕ್ಕದವರು ಬೇರೊಂದು ಸ್ವರದಲ್ಲಿರುವಾಗ ತನ್ನ ಸ್ವರದಲ್ಲಿ ನೆಲೆನಿಲ್ಲುವ ಅಭ್ಯಾಸ ನಮ್ಮ ಗಾಯಕಿಯರಿಗೆ ಇರಲಿಲ್ಲ. ಆದರೂ ಅವರು ಬಿಡಲಿಲ್ಲ. ಕೊನೆಗೆ ನಾಲ್ಕಾರು ಸಾಲುಗಳಷ್ಟು ಮೂರು ಧ್ವನಿಗಳೂ ಶ್ರುತಿಯಲ್ಲಿ ಕೂಡಿಬಂದಾಗ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ನಮ್ಮ ಡ್ರಮ್ಸ್ ವಾದಕನನ್ನು ಸೆಳೆದದ್ದು ಬೇರೆಯೇ ವಿಷಯ. ಜೆಲ್ಲಿಫಿಶ್‌ನ ಮುಖ್ಯ ಗಾಯಕ ಆಂಡಿ ಸ್ಟರ್ಮರ್ ವೇದಿಕೆಯ ಮುಂಭಾಗದಲ್ಲಿ ನಿಂತುಕೊಂಡೇ ಡ್ರಮ್ಸ್ ಬಾರಿಸುತ್ತ ಹಾಡುತ್ತಿದ್ದರು. ನಾನು ವಿಡಿಯೊ ತೋರಿಸಿದ ಕೂಡಲೇ ಇವನೂ ಸ್ಟೂಲನ್ನು ಸರಿಸಿ ಎದ್ದು ನಿಂತ. ಒಂದು ಕಾಲು ಪೆಡಲ್ ಒತ್ತುತ್ತಿರುವಾಗ ಮೈಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. ಆ ಸ್ಥಿತಿಯಲ್ಲಿ ಲಯವನ್ನೂ ಉಸಿರನ್ನೂ ಒಟ್ಟಿಗೆ ಕಾಯ್ದುಕೊಳ್ಳುವುದು ಎಂಥ ಸಾಧನೆ ಎಂಬುದು ಅವನ ಬೆವರಿನಿಂದಲೇ ನಮಗೆ ತಿಳಿಯಿತು.

ನಮ್ಮ ಹಿರಿಯ ಗಾಯಕರು ಮಾತ್ರ, “ಇದೆಲ್ಲ ಬೀಟಲ್ಸ್‌ನವರು ಮಾಡಿ ಮುಗಿಸಿದ್ದಲ್ಲವೇ?” ಎಂದು ಕೇಳಿದರು. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಹಳೆಯ ಗೀತೆಯನ್ನು ಧ್ವನಿಮುದ್ರಿಕೆಯಲ್ಲಿದ್ದಂತೆಯೇ ಹಾಡುವುದು ನಮ್ಮ ಆರ್ಕೆಸ್ಟ್ರಾದ ಕೆಲಸ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಸ್ಟರ್ಮರ್ ಮತ್ತು ಅವರೊಂದಿಗೆ ಗೀತೆಗಳನ್ನು ಕಟ್ಟಿದ ಕೀಬೋರ್ಡ್ ವಾದಕ ರೋಜರ್ ಮ್ಯಾನಿಂಗ್ ಮಾಡಿದ್ದಾದರೂ ಹಿರಿಯರ ಕಸುಬನ್ನು ಕಲಿತು ತಮ್ಮದೇ ಹಾಡುಗಳನ್ನು ಬರೆಯುವ ಕೆಲಸ. ಗಿಟಾರ್ ವಾದಕ ಜೇಸನ್ ಫಾಕ್ನರ್ ಮೊದಲ ಆಲ್ಬಮ್‌ನ ಬಳಿಕ ಹೊರನಡೆದರೂ ಎರಡನೆಯದು ಇನ್ನಷ್ಟು ಶ್ರೀಮಂತವಾಗಿ ಬಂತು. ಮುಂದೆ ಸ್ಟರ್ಮರ್ ಜಪಾನಿನ ‘ಪಫಿ’ ಎಂಬ ಗಾಯಕಿಯರ ಜೋಡಿಗೆ ಗೀತೆಗಳನ್ನು ರಚಿಸಿದರು. ಆದರೆ ಸ್ಟರ್ಮರ್–ಮ್ಯಾನಿಂಗ್ ಜೋಡಿಯಿಂದ ಮೂರನೆಯ ಆಲ್ಬಮ್ ಬರಲಿಲ್ಲವಲ್ಲ ಎಂಬ ಕೊರಗು ನನ್ನಲ್ಲಿ ಉಳಿದೇ ಇದೆ.

ಸಂಜೆ ತಾಲೀಮು ಮುಂದುವರಿದಾಗ, ಒಂದು ಯುಗಳಗೀತೆಯ ಪಲ್ಲವಿ ಕೊನೆಯ ಸಲ ಬರುವಲ್ಲಿ ಎರಡನೆಯ ಧ್ವನಿ ಸೇರಿಸೋಣ ಎಂದು ಕೀಬೋರ್ಡ್ ಗೆಳೆಯ ಸೂಚಿಸಿದ. ಮೂಲ ಧಾಟಿಗೆ ಧಕ್ಕೆಯಾಗಬಾರದೆಂಬ ಷರತ್ತಿನ ಮೇಲೆ ಹಿರಿಯರು ಒಪ್ಪಿದರು, ಮತ್ತು ಆ ಕೆಳಗಿನ ಧ್ವನಿಯನ್ನು ತಾವೇ ಹಾಡುವುದಾಗಿ ಹೇಳಿದರು.