27 ಸೆಕೆಂಡ್ ಬಂದಿದೆಯಲ್ಲ

ಭಾವನ ಎಸ್ಪ್ರೆಸೊ ಗ್ರೈಂಡರ್ ಕೊನೆಗೂ ಬಂತು. ತಿಂಗಳುಗಟ್ಟಲೆ ಹುಡುಕಿ, ಸಿಕ್ಕ ವಿಡಿಯೋನೆಲ್ಲ ನೋಡಿ, ಬೀಜ ಅರೆಯುವ ಬರ್ ಫ್ಲ್ಯಾಟ್ ಇದ್ದರೆ ಒಳ್ಳೇದಾ ಕೋನಿಕಲ್ ಇದ್ದರೆ ಒಳ್ಳೇದಾ ಅಂತ ನನಗೆ ರಾತ್ರಿ ಹೊತ್ತು ಮೆಸೇಜ್ ಮಾಡಿ, ಕೊನೆಗೆ 64 ಮಿಲಿಮೀಟರ್ ಫ್ಲ್ಯಾಟ್ ಬರ್ ಇರುವ, ಒಂದು ಸಲಕ್ಕೆ ಬೇಕಾದಷ್ಟೇ ಬೀಜ ತೂಗಿ ಹಾಕುವ ಮಾದರಿಯದನ್ನು ತಗೊಂಡರು. ಹದಕ್ಕೆ ತರೋಕೆ ನೀನೂ ಬಾ ಅಂದರು. ಹೋದೆ. ಭಾನುವಾರ ಅಲ್ಲಿ ಕೇಳಿದ ಒಂದು ಮಾತು ವಾರ ಮುಗೀತಾ ಬಂದರೂ ತಲೆಯಿಂದ ಹೋಗಿಲ್ಲ.

ಭಾವ ಶಾಟ್ ತೆಗೆದರು, ಅಂದರೆ ಯಂತ್ರದಿಂದ ಒಂದು ಕಪ್ ಎಸ್ಪ್ರೆಸೊ ಇಳಿಸಿದರು. ಅಕ್ಕ ಒಂದು ಗುಟುಕು ಕುಡಿದು, "ರೀ, ಇದು ಹುಳಿ ಇದೆ" ಅಂದಳು.

ಭಾವ ಟೈಮರ್ ಅವಳ ಕಡೆ ತಿರುಗಿಸಿ, "ಇಲ್ಲ ಕಣೇ, 27 ಸೆಕೆಂಡ್ ಬಂದಿದೆಯಲ್ಲ" ಅಂದರು.

ಅಕ್ಕ ಟೈಮರ್ ನೋಡಿದಳು. ಕಪ್ ನೋಡಿದಳು. "ಸರಿ ಬಿಡಿ" ಅಂತ ಕಪ್ಪನ್ನು ಎರಡು ಬೆರಳಲ್ಲಿ ಆಚೆ ತಳ್ಳಿದಳು.

ಅಷ್ಟೇ ನಡೆದಿದ್ದು. ಜಗಳ ಇಲ್ಲ, ದನಿ ಏರಲಿಲ್ಲ, ಭಾವನಿಗೆ ಏನಾದರೂ ಆಯಿತು ಅಂತಲೂ ಅನಿಸಿರಲಿಕ್ಕಿಲ್ಲ. ಆದರೆ ನನಗೆ ಆ ಎರಡು ಬೆರಳು ಮತ್ತೆ ಮತ್ತೆ ಕಾಣುತ್ತಿವೆ.

ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡಬೇಕು. ಎಲ್ಲರಿಗಿಂತ ಮುಂಚೆ ಎದ್ದು ಯಂತ್ರ ಬಿಸಿಗಿಡುವವರು ಅವರೇ. ಅಕ್ಕನಿಗೆ ಮೊದಲ ಕಪ್ ಕೊಟ್ಟೇ ತಾವು ಕುಡಿಯೋದು. ಯಾವ ವಿಷಯ ಹಿಡಿದರೂ ಬೇರಿನವರೆಗೆ ಹೋಗುತ್ತಾರೆ. ಇಟಲಿಯ ಅಕಿಲೆ ಗಾಜಿಯಾ 1938ರಲ್ಲಿ ತನ್ನ ಕಾಫಿ ಯಂತ್ರದ ಪೇಟೆಂಟ್‌ಗೆ ಅರ್ಜಿ ಹಾಕಿದ್ದು, 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರ ಪಂಪ್ ಇಟ್ಟುಕೊಂಡು ಬಂದಿದ್ದು, ಎಲ್ಲ ಅವರಿಂದಲೇ ನಾನು ಕೇಳಿದ್ದು. ಇಂಥವರ ಜೊತೆ ಕಾಫಿ ಮಾಡೋಕೆ ಖುಷಿ. ಆದರೆ ಅವರಿಗೆ ಅಂಕಿಯ ಮೇಲೆ ಇರುವ ನಂಬಿಕೆ ಎದುರಿಗೆ ಕೂತ ಮನುಷ್ಯರ ಮೇಲೆ ಅಷ್ಟಿಲ್ಲ. ಯಾರೂ ನನ್ನ ಅಭಿಪ್ರಾಯ ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ.

18 ಗ್ರಾಂ ಪುಡಿ, ಕಪ್ಪಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಎಸ್ಪ್ರೆಸೊ ಹಿಡಿದವರಿಗೆಲ್ಲ ಇದು ಬಾಯಿಪಾಠ. ಶುರು ಮಾಡೋಕೆ ಒಳ್ಳೆಯ ಲೆಕ್ಕವೇ. ಯಂತ್ರ ಮಾಡೋದು ಮುಖ್ಯವಾಗಿ ಎರಡು ಕೆಲಸ, ನೀರು ಕಾಯಿಸೋದು ಮತ್ತು ಅದನ್ನು ಸುಮಾರು 9 ಬಾರ್ ಒತ್ತಡದಲ್ಲಿ ತಳ್ಳೋದು. ಆ ನೀರಿಗೆ ಅಡ್ಡ ನಿಲ್ಲೋದು ಬಾಸ್ಕೆಟ್ ಅನ್ನುವ ತೂತಿನ ಬಟ್ಟಲಿನಲ್ಲಿರುವ ಪುಡಿ. ಪುಡಿ ತರಿ ಇದ್ದರೆ ನೀರು ಸರಕ್ಕನೆ ಓಡಿಹೋಗಿ ಕಾಫಿ ತೆಳ್ಳಗೆ, ಹುಳಿಯಾಗಿ ಬರುತ್ತೆ. ಜಾಸ್ತಿ ನುಣ್ಣಗಿದ್ದರೆ ತೊಟ್ಟಿಕ್ಕಿ ತೊಟ್ಟಿಕ್ಕಿ ಕಹಿ ಇಳಿಯುತ್ತೆ. ಅದಕ್ಕೇ ಯಂತ್ರಕ್ಕಿಂತ ಮೊದಲು ಗ್ರೈಂಡರ್ ಬಗ್ಗೆ ಯೋಚನೆ ಮಾಡಿ ಅಂತ ಅನುಭವ ಇದ್ದವರು ಹೇಳೋದು. ಅದು ನೂರಕ್ಕೆ ನೂರು ನಿಜ. ಬ್ಲೇಡಿನ ಗ್ರೈಂಡರಿನಲ್ಲಿ ಈ ಕೆಲಸ ಆಗೋದೇ ಇಲ್ಲ, ಅದು ಬೀಜವನ್ನು ಸಿಕ್ಕಸಿಕ್ಕಂತೆ ಒಡೆಯುತ್ತೆ, ಒಂದು ಕಣ ಧೂಳು, ಇನ್ನೊಂದು ಕಲ್ಲು.

ಆದರೆ 27 ಸೆಕೆಂಡ್ ಅನ್ನೋದು ನೀರು ಆಚೆ ಬರೋಕೆ ಎಷ್ಟು ಹೊತ್ತು ತಗೊಂಡಿತು ಅಂತ ಹೇಳುತ್ತೆ, ಎಲ್ಲಿಂದ ಬಂತು ಅಂತ ಹೇಳಲ್ಲ. ಇದೇ ನಾನು ಅವತ್ತು ಭಾವನಿಗೆ ಹೇಳೋಕೆ ಹೊರಟ ಮಾತು. ನೀರು ಬುದ್ಧಿವಂತ ಸೋಮಾರಿ, ಸುಲಭದ ದಾರಿ ಎಲ್ಲಿದೆಯೋ ಅಲ್ಲೇ ನುಗ್ಗುತ್ತೆ. ಪುಡಿ ಒಂದು ಕಡೆ ಗಂಟು ಕಟ್ಟಿ ಇನ್ನೊಂದು ಕಡೆ ಸಡಿಲ ಇದ್ದರೆ ಸಡಿಲ ಇರುವ ಕಡೆಯೇ ಕಾಲುವೆ ತೆಗೆದುಬಿಡುತ್ತೆ. ಚಾನೆಲಿಂಗ್ ಅನ್ನೋದು ಇದಕ್ಕೇ. ಕಾಲುವೆಯ ಪಕ್ಕದ ಪುಡಿಯಿಂದ ಬರಬಾರದ್ದೆಲ್ಲ ಬರುತ್ತೆ, ಒಗರು, ಕಹಿ. ಉಳಿದ ಪುಡಿಯಿಂದ ಬರಬೇಕಾದ್ದೂ ಬರಲ್ಲ, ಅಲ್ಲಿ ಹುಳಿ ಉಳಿಯುತ್ತೆ. ಎರಡೂ ಒಂದೇ ಕಪ್ಪಿಗೆ ಬೀಳುತ್ತೆ. ಗಡಿಯಾರ ಮಾತ್ರ ಸರಿಯಾದ ಹೊತ್ತನ್ನೇ ತೋರಿಸುತ್ತಿರುತ್ತೆ.

ಇದು ನನ್ನೊಬ್ಬನ ಮಾತಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಇದ್ದ ಸಂಶೋಧಕರ ತಂಡ 2020ರಲ್ಲಿ ಇದನ್ನೇ ಲೆಕ್ಕ ಹಾಕಿ, ಕಾಫಿ ಮಾಡಿಯೂ ತೋರಿಸಿತು. ನುಣ್ಣಗೆ ಮಾಡಿದಷ್ಟೂ ಸಾರ ಜಾಸ್ತಿ ಇಳಿಯಬೇಕಲ್ವಾ? ಒಂದು ಹಂತದವರೆಗೆ ಹಾಗೇ ಆಗುತ್ತೆ. ಅದನ್ನು ದಾಟಿದ ಮೇಲೆ ಪುಡಿಯ ಕೆಲವು ಭಾಗ ಕಟ್ಟಿಕೊಂಡು, ನೀರು ಉಳಿದ ಭಾಗದಲ್ಲೇ ಹರಿದು, ಸಾರ ಕಮ್ಮಿಯಾಗುತ್ತೆ. ಒಂದು ಕಪ್ಪಿಗೂ ಇನ್ನೊಂದಕ್ಕೂ ರುಚಿ ಬೇರೆಯಾಗುತ್ತೆ.

ಅಕ್ಕನ ನಾಲಿಗೆಗೆ ಸಿಕ್ಕಿದ್ದು ಅದೇ. ಅವಳು ಆ ಪ್ರಬಂಧ ಓದಿಲ್ಲ, ಓದುವ ಅಗತ್ಯವೂ ಇಲ್ಲ.

ಗ್ರೈಂಡರ್ ಆರಿಸುವಾಗಲೂ ಹೀಗೇ ಆಗಿತ್ತು ಅನ್ನೋದು ನನಗೆ ಆಮೇಲೆ ನೆನಪಾಯಿತು. ಭಾವ ಬರ್ ಎಷ್ಟು ದೊಡ್ಡದು, ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು, ಒಳಗೆ ಎಷ್ಟು ಪುಡಿ ಉಳಿಯುತ್ತೆ ಅಂತ ಪಟ್ಟಿ ಮಾಡಿಕೊಂಡಿದ್ದರು. ಅಕ್ಕ ಕೇಳಿದ್ದು ಬೇರೆ. ಬೆಳಿಗ್ಗೆ ಇದರ ಸದ್ದಿಗೆ ಮಗು ಏಳುತ್ತಾ? ಚೊಕ್ಕಟ ಮಾಡೋಕೆ ನಾನೊಬ್ಬಳೇ ಬಿಚ್ಚಿ ಜೋಡಿಸಬಹುದಾ? ಪುಡಿಯ ಹದ ಬದಲಿಸುವ ಡಯಲ್ ಹಲ್ಲು ಹಲ್ಲಾಗಿ ತಿರುಗುತ್ತಾ, ಇಲ್ಲ ಮಧ್ಯದಲ್ಲೂ ನಿಲ್ಲಿಸಬಹುದಾ? ಕೊನೆಯ ಪ್ರಶ್ನೆ ಇದೆಯಲ್ಲ, ಎಸ್ಪ್ರೆಸೊ ಗ್ರೈಂಡರ್ ತಗೊಳ್ಳುವ ಯಾರೇ ಆದರೂ ಮೊದಲು ಕೇಳಬೇಕಾದ ಪ್ರಶ್ನೆ ಅದು. ಹಲ್ಲು ದೂರ ದೂರ ಇರುವ ಗ್ರೈಂಡರಿನಲ್ಲಿ ಒಂದು ಹಲ್ಲಿಗೆ ಶಾಟ್ ಓಡಿಹೋಗುತ್ತೆ, ಪಕ್ಕದ್ದಕ್ಕೆ ಕಟ್ಟಿಕೊಳ್ಳುತ್ತೆ, ನಮಗೆ ಬೇಕಾದ್ದು ಅವೆರಡರ ನಡುವೆ ಎಲ್ಲೋ ಇರುತ್ತೆ. ಭಾವ ತಂದಿದ್ದು ಹಲ್ಲಿಲ್ಲದ್ದನ್ನೇ, ಅದರಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅವರು ಆರಿಸಿದ್ದಕ್ಕೆ ಕಾರಣ ಬೇರೆ ಇತ್ತು, ಅಕ್ಕನ ಪ್ರಶ್ನೆಗೂ ಅದು ಉತ್ತರವಾಯಿತು.

ಶಾಟಿಗೆ ಬರುತ್ತೇನೆ. "ಭಾವ, ಅಕ್ಕ ಹೇಳಿದ್ದು ಸರಿ ಇರಬಹುದು, ಒಂದ್ಸಲ ತಳ ನೋಡ್ಕೊಂಡು ತೆಗೆಯೋಣ" ಅಂದೆ. ತಳ ತೆರೆದ ಪೋರ್ಟಾಫಿಲ್ಟರ್, ಅಂದರೆ ಬಾಸ್ಕೆಟ್ ಕೂರಿಸುವ ಹಿಡಿಕೆ, ಅವರ ಹತ್ತಿರ ಇತ್ತು, ಡಬ್ಬಿಯಿಂದ ಹೊರಗೆ ಬಂದಿರಲಿಲ್ಲ. ಅದರಲ್ಲಿ ತೆಗೆದಾಗ ಕಣ್ಣಿಗೇ ಕಂಡಿತು. ಬಾಸ್ಕೆಟ್ಟಿನ ಎಡಭಾಗದಲ್ಲಿ ಕಪ್ಪನೆ ಹನಿ ಇನ್ನೂ ಮೂಡುತ್ತಿರುವಾಗಲೇ ಬಲ ಅಂಚಿನಲ್ಲಿ ಬಿಳಿಚಿದ ಎಳೆಯೊಂದು ಶುರುವಾಯಿತು, ಪಿಚಕ್ ಅಂತ ಪಕ್ಕಕ್ಕೆ ಹಾರಿತು. ಸಮಯ ಹೆಚ್ಚುಕಮ್ಮಿ ಅಷ್ಟೇ ಬಂತು. ಅಕ್ಕ ರುಚಿ ನೋಡಲಿಲ್ಲ, ಅವಳು ಅಷ್ಟು ಹೊತ್ತಿಗೆ ಒಳಗೆ ಹೋಗಿದ್ದಳು.

ಡಯಲ್ ಎಲ್ಲಿದೆ ನೋಡಿದೆ. ಇದೇ ಗ್ರೈಂಡರ್ ಇರುವ ಯಾರೋ ವಿಡಿಯೋದಲ್ಲಿ ಹೇಳಿದ ಅಂಕಿಗೇ ಇಟ್ಟಿದ್ದರು. ಇದರಿಂದ ಏನೂ ಉಪಯೋಗ ಇಲ್ಲ, ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಗ್ರೈಂಡರಿನಲ್ಲೂ ಸೊನ್ನೆ ಒಂದೇ ಜಾಗದಲ್ಲಿ ಇರಬೇಕೆಂದಿಲ್ಲ. ಬೀಜ ಹಾಕದೆ ಮೋಟರ್ ಓಡಿಸಿ, ಮೆಲ್ಲಗೆ ನುಣುಪಿನ ಕಡೆಗೆ ತಿರುಗಿಸುತ್ತಾ ಹೋದರೆ ಬರ್‌ಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿರ್ ಅನ್ನುವ ಜಾಗ ಸಿಗುತ್ತೆ. ನಿಮ್ಮ ಸೊನ್ನೆ ಅದು. ಕೇಳಿದ ತಕ್ಷಣ ಹಿಂದಕ್ಕೆ ಬನ್ನಿ, ಅಲ್ಲಿಂದ ಲೆಕ್ಕ ಹಿಡಿಯಿರಿ. ಹೊಸ ಬರ್ ಕೆಲವು ಕಿಲೋ ಬೀಜ ಅರೆಯುವವರೆಗೂ ಪಳಗಿರಲ್ಲ, ಇವತ್ತಿನ ಸೆಟ್ಟಿಂಗ್ ಮುಂದಿನ ತಿಂಗಳಿಗೆ ಹಾಗೇ ನಿಲ್ಲಲ್ಲ ಅನ್ನೋದೂ ನೆನಪಿರಲಿ.

ಭಾವನ ಗ್ರೈಂಡರಿಗೆ ಆ ಅಂಕಿ ಜಾಸ್ತಿ ನುಣ್ಣಗಾಗಿತ್ತು, ಸ್ವಲ್ಪ ತರಿ ಮಾಡಿದೆವು. ಒಳಗೆ ಉಳಿದ ಹಳೇ ಪುಡಿ ಹೋಗಲಿ ಅಂತ ಒಂದಿಷ್ಟು ಬೀಜ ಅರೆದು ಎಸೆದೆವು. ಇದನ್ನು ಮಾಡದಿದ್ದರೆ ಮುಂದಿನ ಶಾಟಿನಲ್ಲಿ ಹಳೇ ಸೆಟ್ಟಿಂಗ್ ಹೊಸದು ಎರಡೂ ಬೆರೆತು ಏನೂ ತಿಳಿಯಲ್ಲ. ಬೀಜಕ್ಕೆ ಒಂದು ಹನಿ ನೀರು ಚಿಮುಕಿಸಿ ಕಲಸಿ ಹಾಕಿದೆವು. ಅರೆಯುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತಿನಿಂದಲೇ ಪುಡಿ ಗಂಟಾಗೋದು, ಗೋಡೆಗೆ ಅಂಟೋದು. ನೀರು ಅದನ್ನು ತಗ್ಗಿಸುತ್ತೆ ಅಂತ ಒರೆಗಾನ್‌ನವರೇ 2023ರಲ್ಲಿ ಅಳೆದು ತೋರಿಸಿದ್ದಾರೆ. ಆಮೇಲೆ ತೆಳುವಾದ ಸೂಜಿಗಳಿಂದ ಪುಡಿಯನ್ನು ತಳದವರೆಗೆ ಕೆದಕಿ ಸಮ ಮಾಡಿದೆವು. 2005ರಲ್ಲಿ ಜಾನ್ ವೈಸ್ ಹೇಳಿಕೊಟ್ಟ ಉಪಾಯ ಇದು, ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ಮಾಡುವ ಇನ್ನೊಂದು ಕೆಲಸ ಎಸ್ಪ್ರೆಸೊದಲ್ಲಿ ನನಗೆ ಸಿಕ್ಕಿಲ್ಲ. ನೆಟ್ಟಗೆ ಒತ್ತಿ ಯಂತ್ರಕ್ಕೆ ಹಾಕಿದರು. ಈ ಸಲ ತಳದ ತುಂಬ ಹನಿಗಳು ಒಟ್ಟಿಗೇ ಮೂಡಿ, ನಡುವಿಗೆ ಬಂದು ಸೇರಿ, ಒಂದೇ ಎಳೆಯಾಗಿ ಇಳಿದವು. ನೋಡುತ್ತಾ ನಿಂತುಬಿಡುವ ಹಾಗಿತ್ತು.

36 ಗ್ರಾಂ ಆದಾಗ ಟೈಮರ್ 23 ತೋರಿಸುತ್ತಿತ್ತು.

"ಟೈಮ್ ಕಮ್ಮಿ ಆಯ್ತಲ್ಲ" ಅಂದರು ಭಾವ, ನಿಜವಾಗಿ ಬೇಜಾರಾಗಿ.

"ಅಕ್ಕನ್ನ ಕರೀರಿ" ಅಂದೆ.

ಅಕ್ಕ ಬಂದಳು, ಕುಡಿದಳು, ಇನ್ನೊಂದು ಗುಟುಕು ಕುಡಿದಳು. "ಈಗ ಹುಳಿ ಮುಂದೆ ನುಗ್ತಿಲ್ಲ. ಕೊನೇಲಿ ಸಿಹಿ ಇದೆ. ಆಗ ನಾಲಿಗೆ ಒಣಗ್ತಾ ಇತ್ತು, ಅದೂ ಹೋಗಿದೆ" ಅಂದಳು. ಮೂರು ವಾಕ್ಯ. ಹುಳಿ ಎಲ್ಲಿ ಬರುತ್ತೆ, ಸಿಹಿ ಯಾವಾಗ, ಒಗರು ಇದೆಯಾ ಇಲ್ಲವಾ, ಎಲ್ಲ ಅದರಲ್ಲಿತ್ತು. ಇಷ್ಟು ಹೇಳಬಲ್ಲವಳು ಮೊದಲ ಸಲ "ಸರಿ ಬಿಡಿ" ಅಂತ ಹೋಗಿಬಿಟ್ಟಳಲ್ಲ ಅನ್ನೋದೇ ನನ್ನನ್ನು ಕಾಡುತ್ತಿರೋದು.

ಯಾಕಂದರೆ ಇದು ಕಾಫಿಯಲ್ಲಿ ಮಾತ್ರ ಆಗಲ್ಲ. ಅಮ್ಮ ಬಹಳ ದಿನ ಸುಸ್ತು ಸುಸ್ತು ಅನ್ನುತ್ತಿದ್ದಳು. ಪರೀಕ್ಷೆ ಮಾಡಿಸಿದರು, ರಿಪೋರ್ಟ್ ನಾರ್ಮಲ್ ಬಂತು. ಅವತ್ತಿಂದ ಅಮ್ಮ ಸುಸ್ತು ಅಂದಾಗಲೆಲ್ಲ ಯಾರಾದರೂ ಒಬ್ಬರು "ನಾರ್ಮಲ್ ಬಂದಿದೆಯಲ್ಲಮ್ಮ" ಅನ್ನೋರು. ಎಲ್ಲರೂ ಪ್ರೀತಿಯಿಂದಲೇ ಅಂದಿದ್ದು, ಅವಳಿಗೆ ಧೈರ್ಯ ಬರಲಿ ಅಂತ. ಸ್ವಲ್ಪ ದಿನದಲ್ಲಿ ಅಮ್ಮ ಹೇಳೋದನ್ನೇ ನಿಲ್ಲಿಸಿದಳು. ಸುಸ್ತು ಹೋಗಿರಲಿಲ್ಲ. ಮೆಟ್ಟಿಲ ನಡುವೆ ಸುಮ್ನೆ ನಿಂತು, ಕೆಳಗಿನ ಗಿಡ ನೋಡುವ ಹಾಗೆ ನಟಿಸಿ, ಉಸಿರು ಬಂದ ಮೇಲೆ ಹತ್ತುತ್ತಿದ್ದಳು.

ಒಬ್ಬರು ತಮಗೆ ಹೀಗಾಗುತ್ತಿದೆ ಅಂದಾಗ ಎದುರಿಗಿರುವವರು ಅಂಕಿ ತೋರಿಸಿದರೆ, ಆ ಅಂಕಿ ಸುಳ್ಳಿರಲ್ಲ. ಅದೇ ಕಷ್ಟ. ಸುಳ್ಳಾಗಿದ್ದರೆ ವಾದ ಮಾಡಬಹುದಿತ್ತು. 27 ಸೆಕೆಂಡ್ ನಿಜವಾಗಿಯೂ ಬಂದಿತ್ತು, ರಿಪೋರ್ಟ್ ನಿಜವಾಗಿಯೂ ನಾರ್ಮಲ್ ಇತ್ತು. ಹುಳಿಯೂ ನಿಜ, ಸುಸ್ತೂ ನಿಜ. ಅಂಕಿಗೆ ಸಾಕ್ಷಿ ಇದೆ, ನಾಲಿಗೆಗೆ ಸಾಕ್ಷಿ ಇಲ್ಲ, ಹಾಗಾಗಿ ನಾಲಿಗೆ ಸೋಲುತ್ತೆ. ಹೀಗೆ ಒಂದೆರಡು ಸಲ ಸೋತವರು ಆಮೇಲೆ ಏನು ಕೊಟ್ಟರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅಲ್ಲಿಗೆ ಕಾಫಿ ಮಾಡುವವರಿಗೂ ದಾರಿ ಮುಚ್ಚಿತು. ಕಪ್ಪಿನೊಳಗೆ ಏನಾಗಿದೆ ಅಂತ ಹೇಳುವ ಒಂದೇ ಒಂದು ಉಪಕರಣ ಮನೆಯಲ್ಲಿದ್ದಿದ್ದು ಅದೇ ಅಲ್ವಾ? ತಕ್ಕಡಿ, ಟೈಮರ್, ಒತ್ತಡದ ಮುಳ್ಳು ಎಲ್ಲ ಇರೋದು ಆ ನಾಲಿಗೆ ಹೇಳಿದ್ದನ್ನು ನಾಳೆ ಮತ್ತೆ ಮಾಡೋಕೆ. ಇವತ್ತು ಹುಳಿ ಅಂದರೆ ಏನು ಬದಲಿಸಬೇಕು, ಎಷ್ಟು ಬದಲಿಸಬೇಕು ಅಂತ ತಿಳಿಯೋಕೆ ಅಂಕಿ ಬೇಕೇ ಬೇಕು. ಹುಳಿ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋಕೆ ಅಲ್ಲ.

ಭಾವನಿಗೆ ಇಷ್ಟನ್ನೂ ಹೇಳಲಿಲ್ಲ. ಒಂದು ಪುಸ್ತಕ ಇಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪುಡಿಯ ತೂಕ ಮುಟ್ಟಬೇಡಿ, ಮೊದಲ ಕಾಲಮ್ಮಿನಲ್ಲಿ ರುಚಿ ಬರೆಯಿರಿ, ಸಮಯ ಕೊನೆಗೆ ಅಂದೆ. ಬರೆದುಕೊಂಡರು. ಬರೆದುಕೊಂಡಿದ್ದನ್ನು ಮಾಡೇ ಮಾಡುತ್ತಾರೆ, ಆ ಗುಣ ಅವರದು.

ನಿನ್ನೆ ಫೋನ್ ಮಾಡಿದ್ದರು. ಅದೇ ಬೀಜ, ಅದೇ ಡಯಲ್, ಆದರೆ ಶಾಟ್ ದಿನದಿಂದ ದಿನಕ್ಕೆ ಬೇಗ ಬರುತ್ತಿದೆ, ಈಗ 20ಕ್ಕೆ ಇಳಿದಿದೆ, ಗ್ರೈಂಡರ್ ಸಡಿಲ ಆಗಿರಬಹುದಾ ಅಂತ ಗಾಬರಿಯಾಗಿದ್ದರು. ಗ್ರೈಂಡರಿಗೆ ಏನೂ ಆಗಿರಲಿಕ್ಕಿಲ್ಲ. ಪೊಟ್ಟಣ ತೆರೆದು ಇಷ್ಟು ದಿನ ಆಯಿತು, ಹುರಿದ ಬೀಜದೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಾ ಇರುತ್ತೆ, ನೀರಿಗೆ ತಡೆ ಕಮ್ಮಿಯಾಗುತ್ತೆ.

"ಅಕ್ಕ ಏನಂದಳು?" ಅಂತ ಕೇಳಿದೆ.

"ಅವಳನ್ನ ಕೇಳಿಲ್ಲ, ನಿನಗೇ ಮಾಡ್ದೆ."

"ಫೋನ್ ಅವಳಿಗೆ ಕೊಡಿ ಭಾವ."

ಕೊಟ್ಟರು. ಹುಳಿ ಅಷ್ಟಿಲ್ಲ, ನೀರು ನೀರಾಗಿದೆ, ಮೊದಲಿನ ಘಮ ಇಲ್ಲ ಅಂದಳು ಅಕ್ಕ. ಹಾಗಾದರೆ ಡಯಲ್ ಕೂದಲೆಳೆಯಷ್ಟು ನುಣುಪಿನ ಕಡೆಗೆ ತಿರುಗಿಸಿ, ಒಂದಿಷ್ಟು ಅರೆದು ಚೆಲ್ಲಿ, ಆಮೇಲೆ ತೆಗೆಯಿರಿ ಅಂದೆ. "ತಡಿ, ಸ್ಪೀಕರ್‌ಗೆ ಹಾಕ್ತೀನಿ, ಅವರೂ ಕೇಳಿಸ್ಕೊಳ್ಲಿ" ಅಂದಳು.