ಬೇಸ್ ಕ್ಲಾರಿನೆಟ್‌ನ ಗುಳುಗುಳು, ಸುಸ್

ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದರೆ ನನ್ನ ಬೇಸ್ ಕ್ಲಾರಿನೆಟ್‌ನಲ್ಲಿ (ತಗ್ಗು ದನಿಯ ದೊಡ್ಡ ಕ್ಲಾರಿನೆಟ್, ಊದುವ ವಾದ್ಯ) ಗುಳುಗುಳು ಜಾಸ್ತಿ. ರಿಜಿಸ್ಟರ್ ತೂತಿನಲ್ಲಿ, ಅಂದರೆ ಮೇಲಿನ ರಿಜಿಸ್ಟರ್‌ಗೆ (ಎತ್ತರದ ಸ್ವರಗಳ ಗುಂಪಿಗೆ) ದಾಟಿಸುವ ಸಣ್ಣ ತೂತಿನಲ್ಲಿ, ನೀರು ನಿಂತಿರುತ್ತದೆ, ಅಷ್ಟೇ. ಉಸಿರಿನ ಹಬೆ ತಣ್ಣನೆಯ ಕೊಳವೆಗೆ ತಾಗಿ ನೀರಾಗುತ್ತದೆ ಅಲ್ವಾ? ತೂತು ಮುಚ್ಚುವ ಪ್ಯಾಡ್ ಕೆಳಗೆ ಸಿಗರೇಟ್ ಪೇಪರ್ ಇಟ್ಟು ಒತ್ತಿದರೆ ಹೀರಿಕೊಳ್ಳುತ್ತದೆ.

ಸ್ವರದ ಜೊತೆ ಗಾಳಿ ‘ಸುಸ್’ ಅನ್ನುವುದೇ ನಿಜವಾದ ತಲೆನೋವು. ನನ್ನದರಲ್ಲಿ ರಿಜಿಸ್ಟರ್ ತೂತು ಎರಡು. ಮೇಲಿನ ರಿಜಿಸ್ಟರ್‌ನ ಬಿ ಯಿಂದ ಡಿ ಶಾರ್ಪ್‌ವರೆಗೆ ಕೆಳಗಿನ ತೂತು ತೆರೆಯುತ್ತದೆ, ಇ ಯಿಂದ ಆಚೆಗೆ ಮೇಲಿನದು. ಬಲಗೈ ಉಂಗುರ ಬೆರಳು ಎತ್ತಿದ ಕೂಡಲೇ ಅದಲು ಬದಲು. ಹಾಗಾಗಿ ಸದ್ದು ಯಾವ ಸ್ವರದಲ್ಲಿ ಶುರುವಾಗುತ್ತದೆ ಅಂತ ಮೊದಲು ಕೇಳಿ. ಸುಮ್ನೆ ಎಲ್ಲ ಸ್ಕ್ರೂ ಬಿಚ್ಚಬೇಡಿ. ನನ್ನದರಲ್ಲಿ ಇ ಯಿಂದಲೇ ಸುಸ್ ಅನ್ನುತ್ತಿತ್ತು. ಮೇಲಿನ ಪ್ಯಾಡ್ ಸಾಕಷ್ಟು ಏಳುತ್ತಿರಲಿಲ್ಲ. ಕೀ ಕೆಳಗಿನ ಕಾರ್ಕ್ ಸ್ವಲ್ಪ ತೆಳ್ಳಗೆ ಮಾಡಿದೆ, ಇ ಸ್ವಚ್ಛವಾಗಿ ಬಂತು. ತೂತನ್ನು ಮಾತ್ರ ಕೊರೆಯಲು ಹೋಗಬೇಡಿ, ಶ್ರುತಿ ಕೆಡುತ್ತದೆ.